ಆಂಗ್ಲ್‌ಸಿ ದ್ವೀಪದ ಸುತ್ತ ದಂಡಿ ಹಿಡದು ನಡಿಯೂದು, ಪ್ಲಾನ್ ನೋಡಿ ಹೇಳ್ರಿ

ಉಣಕಲ್_ವಾಕರ್ (ಹುಬ್ಬಳ್ಳಿ):

ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಮ್ಯಾಂಚೆಸ್ಟರ್‌ನಾಗ ಅದಾಳ, ಮುಂದಿನ ಮೇ ತಿಂಗಳಾಗ ನಾನು, ನಮ್ಮ ಮನಿಯಾಕಿ ಇಬ್ರೂ ಹೊಂಟೀವಿ. ಆಕಿ ಮನ್ಯಾಗ ಕುಂತು ಟಿವಿ ನೋಡೂದಕ್ಕ ಅಷ್ಟ್ ದೂರ ಯಾಕ ಹೋಗೂದು ಅಂತ ಹುಡುಕಾಡಿದಾಗ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಕರಾವಳಿ ದಾರಿ ಸಿಕ್ತು. 2006ರಾಗ ತೆರದಾರಂತ, ದ್ವೀಪದ ಸುತ್ತ ಸುಮಾರು 200 ಕಿಲೋಮೀಟರ್, ಅಂದ್ರ ನಮ್ಮ ಹುಬ್ಬಳ್ಳಿಂದ ಬೆಳಗಾವಿಗೆ ಹೋಗಿ ತಿರುಗಿ ಬಂದಷ್ಟು. ಹೋಲಿಹೆಡ್ ಊರಿನ ಸೇಂಟ್ ಕಬಿ ಚರ್ಚಿನಿಂದ ಶುರು, ಅಲ್ಲೇ ಮುಗಿಸೂದು, 12 ಭಾಗ ಮಾಡ್ಯಾರ. ನನ್ನ ಲೆಕ್ಕ ಏನಂದ್ರ ದಿನಕ್ಕ ಒಂದು ಭಾಗ, 12 ದಿನಕ್ಕ ಪ್ರದಕ್ಷಿಣಿ ಖಲಾಸ್. ಚೀಲ ಬೆನ್ನ ಮ್ಯಾಲ, ಸಂಜಿಗೆ ಎಲ್ಲಿ ಮುಟ್ತೀವೋ ಅಲ್ಲೇ ವಸ್ತಿ.

ನಾನು ಧಾರವಾಡದಿಂದ ಉಳವಿಗೆ ಪಾದಯಾತ್ರಿ ಮಾಡೀನಿ, ದಿನಾ ಮುಂಜಾನಿ ಉಣಕಲ್ ಕೆರಿ ಸುತ್ತತೀನಿ, ಹಂಗಾಗಿ ನಡಿಯೂದರ ಚಿಂತಿ ಇಲ್ಲ. ಮನಿಯಾಕಿಗೆ ಮೊಣಕಾಲ ನೋವು ಸ್ವಲ್ಪ ಐತಿ, ಗುಡ್ಡ ಇಳಿಯೂವಾಗ. ಇಬ್ರೂ ಸಸ್ಯಾಹಾರಿ. ಯಾರರ ಅಲ್ಲೆ ನಡದವ್ರು ಇದ್ರ ಹೇಳ್ರಿ, ಯಾವ ಕಡಿಂದ ಶುರು ಮಾಡೂದು ಛಲೋ, ವಸ್ತಿ ಮೊದಲ ಬುಕ್ ಮಾಡಬೇಕೇನು, ಊಟದ ಕಥಿ ಹ್ಯಾಂಗ?

---

ಸಾಧನಕೇರಿ_ಅಕ್ಕ (ಧಾರವಾಡ):

ಮಗ ಚೆಸ್ಟರ್‌ನಾಗ ಇದ್ದಾಗ ಆ ದಾರಿ ಬಹುತೇಕ ನಡದೀನ್ರಿ, ಒಂದೇ ಸಲಕ್ಕಲ್ಲ, ತುಂಡು ತುಂಡು ಮಾಡಿ. ನೀವು ಕಿಲೋಮೀಟರ್ ಲೆಕ್ಕಾ ಹಾಕೀರಿ, ಅದನ್ನ ಸ್ವಲ್ಪ ಬಾಜೂಕ ಇಡ್ರಿ. ಅಲ್ಲೆ ದಿನಾನ ನಿರ್ಧಾರ ಮಾಡೂವು ಎರಡೇ, ಸಮುದ್ರದ ಭರತ-ಇಳಿತ ಮತ್ತ ಬಸ್ಸು.

ಉಳವಿ ಪಾದಯಾತ್ರಿ ಅಂದ್ರಿ. ಅಲ್ಲೆ ನಾಲ್ಕ್ ಹೆಜ್ಜಿಗೊಂದು ದಾಸೋಹ, ಚಾ, ಮಜ್ಜಿಗಿ, ಚೀಲ ಹೊರಾಕ ಚಕ್ಕಡಿ ಇಲ್ಲಾ ಟ್ರ್ಯಾಕ್ಟರ್, ಕಾಲು ನೋವಾದ್ರ ಒತ್ತೂವ್ರು ಸೈತ ಇರ್ತಾರ. ಆಂಗ್ಲ್‌ಸಿ ಉತ್ತರ ದಂಡಿ ಮ್ಯಾಲ ಮುಂಜಾನಿಂದ ಸಂಜಿತನಕ ಕುರಿ, ಗಾಳಿ, ನೀವು. ಒಂದು ಚಾ ಅಂಗಡಿ ಸಿಕ್ಕರ ಪುಣ್ಯ. ದಾರಿ ಸಪಾಟನೂ ಇಲ್ಲ. ಅಲ್ಲಿ ಅತಿ ಎತ್ತರದ ಗುಡ್ಡ ಅಂದ್ರ ಹೋಲಿಹೆಡ್ ಮೌಂಟನ್, ಬರೇ 220 ಮೀಟರ್, ಆದ್ರ ಇಡೀ ಸುತ್ತಿನ ಏರು ಎಲ್ಲಾ ಕೂಡಿಸಿದ್ರ 4,000 ಮೀಟರ್ ದಾಟ್ತದ. ಏರಿದ್ದಷ್ಟೂ ಇಳೀಬೇಕಲ್ಲ, ನಿಮ್ಮ ಮನಿಯವರ ಮೊಣಕಾಲಿಗೆ ಅಲ್ಲೇ ಪೆಟ್ಟು. ಕೆಮಾಯ್ಸ್‌ನಿಂದ ಅಮ್ಲುಖ್ ಕಡಿಗೆ ಹೋಗೂ ತುಂಡು ಐತಲ್ಲ, ಅದು ದ್ವೀಪದಾಗ ಎಲ್ಲಾಕ್ಕಿಂತ ಕಠಿಣ, ಹತ್ತು ಇಳಿ ಹತ್ತು ಇಳಿ ಅಷ್ಟೇ. ಚಂದನೂ ಅದೇ ಭಾಳ ಅದ ಅನ್ನೂದು ಬ್ಯಾರೆ ಮಾತು, ಲಾನ್‌ಬ್ಯಾಡ್ರಿಗ್ ಅನ್ನೂ ಹಳೇ ಚರ್ಚು ಕಡಿದಾದ ಬಂಡೆಗಲ್ಲಿನ ಮ್ಯಾಲ ನಿಂತದ, ಮುಂದ ಪೋರ್ಥ್‌ವೆನ್ ಅಂತ ಒಂದು ಪಾಳು ಬಿದ್ದ ಇಟ್ಟಂಗಿ ಕಾರ್ಖಾನಿ ಸಮುದ್ರದ ಬಾಜೂಕ, ನಾ ಅಲ್ಲೆ ಕುಂತು ಬುತ್ತಿ ಬಿಚ್ಚಿದ್ದೆ.

ಈಗ ಭರತದ ಮಾತು. ನಮ್ಮ ಕಾರವಾರ, ಗೋಕರ್ಣದಾಗ ಸಮುದ್ರ ಏರಿಳಿಯೂದು ಎರಡು ಮೀಟರ್ ಆಜುಬಾಜು, ಹಂಗಾಗಿ ನಾವು ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಹೋಲಿಹೆಡ್‌ನಾಗ ಅಮಾಸಿ-ಹುಣ್ಣಿಮಿ ಸುಮಾರಿಗೆ 5 ಮೀಟರ್ ಹತ್ರ ಏರಿಳಿತದ. ನ್ಯೂಬರೋ ಊರಿನ ಕಡಿ ಬ್ರೈಂಟ್ ಅನ್ನೂ ಹೊಳಿ ಸಮುದ್ರಕ್ಕ ಕೂಡೂ ಜಾಗಾದಾಗ ದಾರಿ ದೊಡ್ಡ ದೊಡ್ಡ ಕಲ್ಲಿನ ಮ್ಯಾಲ ಹಾದು ಹೋಗ್ತದ, ಜೋರು ಭರತ ಇದ್ರ ಆ ಕಲ್ಲು ನೀರಾಗ ಮುಳಗ್ತಾವ. ಲಾನ್‌ಡ್ವಿನ್ ಅನ್ನೂ ನಡುಗಡ್ಡಿಗೆ ಮರಳ ಮ್ಯಾಲ ನಡದು ಹೋಗಬಹುದು, ಅದೂ ದೊಡ್ಡ ಭರತದಾಗ ದ್ವೀಪದಿಂದ ಕಡಕೋತದ. ರೆಡ್ ವಾರ್ಫ್ ಬೇ ದಂಡಿಗೂ ನೀರು ದಾರಿ ಮ್ಯಾಲ ಬರೂದುಂಟು. ಅಬರ್‌ಫ್ರಾವ್ ಹತ್ರ ಸೇಂಟ್ ಕ್ವಿವನ್ ಅನ್ನೂ ಸಣ್ಣ ಚರ್ಚು ಸಮುದ್ರದ ನಡುವ ನಿಂತದ, ಇಳಿತ ಇದ್ದಾಗ ಮಾತ್ರ ಕಾಲಿಲೆ ಹೋಗಾಕ ಬರ್ತದ.

ನಾನು ಮಾಡಿದ್ದು ಇಷ್ಟೇ, ಮನಿ ಗೋಡಿ ಮ್ಯಾಲಿನ ಪಂಚಾಂಗದ ಕ್ಯಾಲೆಂಡರ್ ತಗದು ಅಷ್ಟಮಿ ಎಂದದ ನೋಡಿದೆ. ಅಷ್ಟಮಿ ಆಜುಬಾಜು ಏರಿಳಿತ ಸಣ್ಣದು, ಮತ್ತ ಆ ಭಾಗದಾಗ ಇಳಿತ ನಡು ಹಗಲಿಗೇ ಬರ್ತದ, ನಡಿಯೂವ್ರಿಗೆ ಅದೇ ಬೇಕು. ಅಮಾಸಿ ಹುಣ್ಣಿಮಿಗೆ ಉಲ್ಟಾ, ಭರತನೇ ಮಧ್ಯಾಹ್ನಕ್ಕ. ದಿನಾ ಐವತ್ತು ನಿಮಿಷ ಮುಂದ ಮುಂದ ಹೋಗ್ತದ ಅದು. ಅಂದಾಜಿಗೆ ಕ್ಯಾಲೆಂಡರ್ ಸಾಕು, ಆದ್ರ ಆ ದಿನದ್ದು ಟೈಡ್ ಟೇಬಲ್, ಅಂದ್ರ ಭರತ-ಇಳಿತದ ವೇಳಾಪಟ್ಟಿ, ನೋಡದ ಕಲ್ಲಿನ ಮ್ಯಾಲ ಕಾಲ ಇಡಬ್ಯಾಡ್ರಿ.

ವಸ್ತಿ ಬುಕ್ ಮಾಡಲಿಕ್ಕೇ ಬೇಕು, ಸಂಜಿಗೆ ಹೋಗಿ ಬಾಗಲಾ ಬಡದ್ರ ಖೋಲಿ ಸಿಗಂಗಿಲ್ಲ. ಡೇರೆ ಹಾಕೂ ವಿಚಾರ ಇದ್ರ, ಹೊಲದ ಮಾಲಕನ್ನ ಕೇಳದ ಹಾಕೂದು ಅಲ್ಲೆ ಕಾನೂನಿನ ಪ್ರಕಾರ ನಡಿಯಂಗಿಲ್ಲ.

---

ಕಪ್ಪತಗುಡ್ಡ_ಗ್ಯಾಂಗ್ (ಗದಗ):

ಅಲ್ರೀ ಸರ, ಸಮುದ್ರ ದಂಡಿ ನಡಿಯಾಕ ಅಷ್ಟು ರೊಕ್ಕಾ ಹಾಕಿ ವೇಲ್ಸ್‌ಗೆ ಯಾಕ್ರಿ, ಗೋಕರ್ಣದಿಂದ ಕುಮಟಾ ಕಡಿ ನಡದ್ರ ಆತಲ್ಲ, ಹುಬ್ಬಳ್ಳಿಂದ ಮುಂಜಾನಿ ಬಸ್ಸು ಹತ್ತಿದ್ರ ಮಧ್ಯಾಹ್ನಕ್ಕ ಓಂ ಬೀಚ್ 😄

ಚ್ಯಾಷ್ಟಿ ಬಿಡ್ರಿ. ಉಣಕಲ್ ಕೆರಿ ಸುತ್ತು ಪೂರಾ ಸಪಾಟು, ಅದರಿಂದ ಏನೂ ತಯಾರಿ ಆಗಂಗಿಲ್ಲ. ನೃಪತುಂಗ ಬೆಟ್ಟಕ್ಕ ಹೋಗ್ರಿ, ಅದೂ ನಾಕು-ಐದು ಸಲ ಹತ್ತಿ ಇಳದು ಮಾಡ್ರಿ, ಬೆನ್ನಿಗೆ ಚೀಲದಾಗ ನೀರಿನ ಬಾಟ್ಲಿ ತುಂಬಕೊಂಡು. ರವಿವಾರ ಗದಗಿಗೆ ಬಂದ್ರ ಕಪ್ಪತಗುಡ್ಡಕ್ಕ ನಾವು ಕರಕೊಂಡ ಹೊಕ್ಕೀವಿ, ಗಾಳಿಗೂ ಅಭ್ಯಾಸ ಆಕ್ಕೈತಿ, ಅಲ್ಲೆ ಗಾಳಿ ಪಂಖಾ ಸುಮ್ಮನ ಹಾಕಿಲ್ಲ. ಶೂ ಹೊಸದು ತಗೊಂಡ್ರ ಇಲ್ಲೇ ಎರಡು ತಿಂಗಳ ಹಾಕಿ ಸವಸ್ರಿ, ಅಲ್ಲೆ ಹೋಗಿ ಹೊಸ ಶೂ ಹಾಕಬ್ಯಾಡ್ರಿ. ಮತ್ತ ಇಳಿಯೂವಾಗ ಅಕ್ಕಾರಿಗೆ ಎರಡು ವಾಕಿಂಗ್ ಕೋಲು ಕೊಡ್ರಿ, ಒಂದಲ್ಲ, ಎರಡು.

---

ಹಾವೇರಿ_ಹುಡುಗ (ಸದ್ಯ ಲಿವರ್‌ಪೂಲ್):

ಕಾಕಾ ನಮಸ್ಕಾರ. ನಾನು ಇಲ್ಲೇ ಕೆಲಸದಾಗ ಅದೀನಿ, ವೀಕೆಂಡ್ ಆಂಗ್ಲ್‌ಸಿಗೆ ಹೊಕ್ಕಿರ್ತೀನಿ. ಅಕ್ಕಾರು ಹೇಳಿದ್ದು ಖರೇ ಐತಿ, ನಾನು ಒಂದು ಸೇರಸ್ತೀನಿ, ಚೀಲ ಹೊತ್ತು ದಿನಾ ಊರು ಬದಲಿ ಮಾಡೂ ಪ್ಲಾನ್ ಬಿಡ್ರಿ. ಎರಡು ಕಡಿ ಠಿಕಾಣಿ ಹಾಕ್ರಿ. ಮೊದಲ ಮೆನಾಯ್ ಬ್ರಿಡ್ಜ್ ಊರಾಗ, ಇಲ್ಲಾ ದ್ವೀಪದ ಹೊರಗ ಈಕಡಿ ದಂಡಿಗಿರೂ ಬ್ಯಾಂಗರ್ ಊರಾಗ, ಆಮೇಲೆ ಹೋಲಿಹೆಡ್‌ನಾಗ. ದಿನಾ ಸಣ್ಣ ಚೀಲ ತಗೊಂಡು ಬಸ್ಸಿಗೆ ಹೋಗಿ ನಡದು ಬಸ್ಸಿಗೆ ವಾಪಸ್ ಬರೂದು. ರೈಲೂ ಐತಿ, ಮ್ಯಾಂಚೆಸ್ಟರ್‌ನಿಂದ ಚೆಸ್ಟರ್ ಮ್ಯಾಲ ಹಾದು ಸೀದಾ ಈ ಕಡಿಗೆ ಬರ್ತೀರಿ. ದ್ವೀಪದಾಗ ಆರು ಸ್ಟೇಷನ್, ಹೋಲಿಹೆಡ್ ಬಿಟ್ರ ಉಳದದ್ದೆಲ್ಲಾ ರಿಕ್ವೆಸ್ಟ್ ಸ್ಟಾಪ್, ಅಂದ್ರ ಹತ್ತೂದಿದ್ರ ಪ್ಲಾಟ್‌ಫಾರ್ಮ್ ಮ್ಯಾಲ ನಿಂತು ಕೈ ಮಾಡಬೇಕು, ಇಳಿಯೂದಿದ್ರ ಗಾರ್ಡ್‌ಗೆ ಮೊದಲೇ ಹೇಳಬೇಕು, ನಮ್ಮ ಹಳ್ಯಾಗ ಟಂಟಂ ನಿಲ್ಲಿಸಿದಂಗ. ರೊಸ್‌ನೈಗರ್ ಮತ್ತ ಬೊಡೊರ್ಗನ್ ಸ್ಟೇಷನ್ ನಿಮಗ ಉಪಯೋಗಕ್ಕ ಬರ್ತಾವ. ರವಿವಾರ ಬಸ್ಸು ಭಾಳ ಕಡಿಮಿ, ಕೆಲವು ಕಡಿ ಇಲ್ಲೇ ಇಲ್ಲ, ಅವತ್ತ ವಿಶ್ರಾಂತಿ ತಗೋರಿ ಇಲ್ಲಾ ಬೋಮ್ಯಾರಿಸ್ ಕೋಟಿ ನೋಡ್ರಿ, 1295ರಾಗ ಇಂಗ್ಲೆಂಡ್ ರಾಜ ಒಂದನೇ ಎಡ್ವರ್ಡ್ ಕಟ್ಟಾಕ ಶುರು ಮಾಡಿದ್ದು, ರೊಕ್ಕಾ ಖಾಲಿಯಾಗಿ ಅರ್ಧಕ್ಕ ನಿಂತೈತಿ, ಅಷ್ಟಾದ್ರೂ ನೋಡಾಕ ಒಂದು ದಿನ ಬೇಕು.

ಯಾವ ಕಡಿಂದ ಅಂತ ಕೇಳಿದ್ರಿ. ಪ್ರದಕ್ಷಿಣಿ ಹಾಕ್ರಿ, ತಪ್ಪಿಲ್ಲ, ಇಲ್ಲೆ ಗಾಳಿ ಹೆಚ್ಚು ನೈಋತ್ಯದಿಂದ ಬೀಸೂದು, ಹಂಗಾಗಿ ಉತ್ತರ ದಂಡ್ಯಾಗ ಪೂರ್ವಕ್ಕ ನಡಿಯೂವಾಗ ಗಾಳಿ ಬೆನ್ನಿಗೆ ಇರ್ತೈತಿ. ಆದ್ರ ಹೋಲಿಹೆಡ್‌ನಿಂದ ಶುರು ಮಾಡಿದ್ರ ಮೂರನೇ ದಿನಾನೇ ಕೆಮಾಯ್ಸ್-ಅಮ್ಲುಖ್ ತುಂಡು ಬರ್ತೈತಿ, ಕಾಲು ಇನ್ನೂ ಹದಕ್ಕ ಬಂದಿರಂಗಿಲ್ಲ. ಅದಕ್ಕ ನನ್ನ ಮಾತು ಕೇಳೂದಾದ್ರ ಮೆನಾಯ್ ಬ್ರಿಡ್ಜ್‌ನಿಂದ ಶುರು ಮಾಡ್ರಿ, ಥಾಮಸ್ ಟೆಲ್‌ಫರ್ಡ್ 1826ರಾಗ ಮುಗಿಸಿದ ತೂಗುಸೇತುವಿ ಕೆಳಗಿಂದ, ಸಪಾಟಾದ ದಕ್ಷಿಣ ಭಾಗ ಮೊದಲ ಮುಗೀತೈತಿ, ಹೋಲಿಹೆಡ್ ಮುಟ್ಟೂದ್ರಾಗ ಕಾಲು ಹದ ಆಗಿರ್ತಾವ, ಉತ್ತರ ಆಮೇಲೆ. ಚರ್ಚಿನ ಬಾಗಲಾದಾಗೇ ಶುರು ಆಗಬೇಕು ಅಂತ ಯಾವ ಶಾಸ್ತ್ರನೂ ಇಲ್ಲ.

ಬಿಡೂದಕ್ಕ ಅಡ್ಡಿಲ್ಲದ ತುಂಡೂ ಅದಾವ. ಪ್ಲಾಸ್ ನ್ಯೂಯಿಡ್ ಬಂಗಲೆ ಕಡಿ ಮತ್ತ ಬೊಡೊರ್ಗನ್ ಎಸ್ಟೇಟ್ ಕಡಿ ದಾರಿ ಸಮುದ್ರ ಬಿಟ್ಟು ಒಳಗ ಡಾಂಬರ್ ರೋಡಿಗೆ ಬರ್ತೈತಿ, ಖಾಸಗಿ ಜಮೀನು ಅದು. ಅಲ್ಲೆ ಬಸ್ಸು ಹತ್ರಿ, ಮೊಣಕಾಲು ಉಳೀತಾವ. ಬಿಡಬಾರದ್ದು ಸೌತ್ ಸ್ಟ್ಯಾಕ್, 1809ರ ಲೈಟ್‌ಹೌಸು, ಇಳಿಯಾಕ 400 ಮೆಟ್ಟಲ. ಕಾಕೂ ಮ್ಯಾಲೇ ಕುಂದ್ರಲಿ, ಮ್ಯಾಲಿಂದನೇ ಬಂಡೆಗಲ್ಲಿನ ತುಂಬ ಗಿಲೆಮಾಟ್, ರೇಜರ್‌ಬಿಲ್ ಹಕ್ಕಿ ಸಾವಿರಗಟ್ಟಲೆ ಕಾಣ್ತಾವ, ನಸೀಬ ಇದ್ರ ಪಫಿನ್ನೂ. ಮೇ ತಿಂಗಳ ಅದಕ್ಕ ಛಲೋ ಟೈಮು, ಜುಲೈ ಮುಗಿಯೂದ್ರಾಗ ಹಾರಿ ಹೋಗಿರ್ತಾವ.

ಊಟ: ಬ್ರೇಕ್‌ಫಾಸ್ಟಿಗೆ ವೆಜ್ ಅಂತ ಬುಕ್ ಮಾಡೂವಾಗೇ ಹೇಳಿಬಿಡ್ರಿ. ಪಬ್‌ನಾಗ ಜ್ಯಾಕೆಟ್ ಪೊಟ್ಯಾಟೊ, ಅಂದ್ರ ಸಿಪ್ಪಿ ಸೈತ ಬೇಯಿಸಿದ ದೊಡ್ಡ ಆಲೂಗಡ್ಡಿ, ಮ್ಯಾಲ ಬೀನ್ಸು ಚೀಸು, ಖಾರ ಅಂದ್ರ ದೇವರೇ ಗತಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ತರ್ರಿ, ಮುರದ್ರೂ ಕೆಡಂಗಿಲ್ಲ. ಧಾರವಾಡ ಪೇಢಾ ಮಾತ್ರ ತರಬ್ಯಾಡ್ರಿ, ಭಾರತದಿಂದ ಹಾಲಿನ ಪದಾರ್ಥ ತರಾಕ ಇಲ್ಲೆ ನಿಷೇಧ ಐತಿ, ಏರ್‌ಪೋರ್ಟ್‌ನಾಗ ಹಿಡದ್ರ ತಗದು ಒಗೀತಾರ. (ಬರೆಯೂವಾಗ ನನಗೇ ಸಂಕಟ ಆಗಾಕತ್ತೈತಿ.)

---

ಉಣಕಲ್_ವಾಕರ್:

ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರಿ. ಮನಿಯಾಕಿಗೆ ಓದಿ ಹೇಳಿದೆ, ಆಕಿ "ನೋಡ್ರಿ, ಬಸ್ಸಿಗೆ ಹೋಗಬಹುದಂತ" ಅಂತ ಅಷ್ಟೇ ಹಿಡಕೊಂಡ್ಲು. ಮೆನಾಯ್ ಬ್ರಿಡ್ಜ್‌ನಿಂದ ಶುರು ಮಾಡೂದು ಪಕ್ಕಾ. ಆದ್ರ ಒಂದು ಮಾತು, ಪೂರ್ತಿ ಸುತ್ತು ಆಗಲಿಲ್ಲ ಅಂದ್ರ ನನಗ ಸಮಾಧಾನ ಆಗಂಗಿಲ್ಲ, ಪ್ರದಕ್ಷಿಣಿ ಅರ್ಧಕ್ಕ ಬಿಟ್ಟಂಗ. ಆಕಿನ್ನ ಬಸ್ಸಿಗೆ ಹತ್ತಿಸಿ ಕಠಿಣ ತುಂಡು ನಾ ಒಬ್ಬನೇ ನಡದ್ರ ಅಪಾಯ ಏನರ ಐತೇನ್ರಿ? ಫೋನ್ ನೆಟ್‌ವರ್ಕ್ ಸಿಗ್ತೈತೇನು?

---

ಸಾಧನಕೇರಿ_ಅಕ್ಕ:

ಒಬ್ಬರೇ ನಡಿಯೂವ್ರು ಭಾಳ ಮಂದಿ ಇರ್ತಾರ, ನಾನೂ ಎಷ್ಟೋ ತುಂಡು ಒಬ್ಬಾಕಿನೇ ನಡದೀನಿ. ಮೇ ತಿಂಗಳಾಗ ರಾತ್ರಿ ಒಂಬತ್ತರತನಕ ಬೆಳಕಿರ್ತದ, ಅವಸರ ಮಾಡಬ್ಯಾಡ್ರಿ. ನೆಟ್‌ವರ್ಕ್ ಉತ್ತರ ದಂಡ್ಯಾಗ ಬಂದು ಹೋಗಿ ಮಾಡ್ತದ, ಹಂಗಾಗಿ ಕಾಗದದ ಮ್ಯಾಪ್ ಇರಲಿ, ಆರ್ಡನನ್ಸ್ ಸರ್ವೇದ ಎಕ್ಸ್‌ಪ್ಲೋರರ್ 262 ದ್ವೀಪದ ಪಶ್ಚಿಮಕ್ಕ, 263 ಪೂರ್ವಕ್ಕ, ಎರಡೂ ಬೇಕು. ಕಂಬದ ಮ್ಯಾಲ ಟರ್ನ್ ಹಕ್ಕಿ ಚಿತ್ರ ಇರೂ ಗುರ್ತು ಹುಡುಕ್ಕೋತ ಹೋಗ್ರಿ. ಆಕಳ ಕರು ಇದ್ದ ಹೊಲದಾಗ ದೂರ ಸುತ್ತು ಹಾಕಿ ಹೋಗ್ರಿ, ನಮ್ಮ ಊರ ಆಕಳಿನಂಗ ಮೈದಡವಾಕ ಹೋಗಬ್ಯಾಡ್ರಿ. ಸಮುದ್ರ ಬದಿ ಏನರ ಆದ್ರ 999ಕ್ಕ ಹಚ್ಚಿ ಕೋಸ್ಟ್‌ಗಾರ್ಡ್ ಬೇಕು ಅಂತ ಹೇಳಬೇಕು, ಪೊಲೀಸ್ ಅಲ್ಲ. ಟ್ರಾವೆಲ್ ಇನ್ಶೂರೆನ್ಸ್ ತಗೋರಿ, ನಡಿಗಿ ಸೇರಿದ್ದು ನೋಡಿ ತಗೋರಿ, ಹೊರಗಿಂದ ಬಂದವ್ರಿಗೆ ಅಲ್ಲೆ ದವಾಖಾನಿ ಖರ್ಚು ಜೋರು.

ಮತ್ತ ಮನಿಯವ್ರು ಬಸ್ಸಿನಾಗ ಮುಂದ ಹೋಗಿ ಕಾಯೂದಾದ್ರ ಅಮ್ಲುಖ್ ಪೋರ್ಟ್ ಛಲೋ ಜಾಗಾ. 18ನೇ ಶತಮಾನದಾಗ ಬಾಜೂಕಿನ ಪ್ಯಾರಿಸ್ ಗುಡ್ಡದ ತಾಮ್ರ ಎಲ್ಲಾ ಅಲ್ಲಿಂದೇ ಹಡಗಿಗೆ ಹೋಗ್ತಿತ್ತು, ಈಗ ಅದರ ಕಥಿ ಹೇಳೂ ಸಣ್ಣ ಮ್ಯೂಜಿಯಂ ಅದ, ಕುಂದ್ರಾಕ ಬೆಂಚು ಅದಾವ. ನೀವು ಕೆಮಾಯ್ಸ್ ಬಿಡೂವಾಗ ಟೈಮ್ ಹೇಳಿ ಬಿಡ್ರಿ, ಎಷ್ಟು ಗಂಟಿಗೆ ಮುಟ್ಟಲಿಲ್ಲ ಅಂದ್ರ ಯಾರಿಗೆ ಫೋನ್ ಹಚ್ಚಬೇಕು ಅನ್ನೂದನ್ನೂ.

---

ಹಾವೇರಿ_ಹುಡುಗ:

ಕಾಕಾ, ಆ ಉತ್ತರದ ತುಂಡು ಶನಿವಾರಕ್ಕ ಇಟ್ಕೋರಿ, ನಾನೂ ಕೂಡ ನಡೀತೀನಿ. ತಾರೀಖು ಪಕ್ಕಾ ಆದ್ಮೇಲೆ ಇಲ್ಲೇ ಮೆಸೇಜ್ ಹಾಕ್ರಿ. ಶೇಂಗಾ ಹಿಂಡಿ ಒಂದು ಪಾಕೀಟು ಹೆಚ್ಚಿಗೆ ತಂದ್ರ ಬ್ಯಾಡನ್ನಂಗಿಲ್ಲ.

---

ಕಪ್ಪತಗುಡ್ಡ_ಗ್ಯಾಂಗ್:

ಸರ, ಅದಕ್ಕಿಂತ ಮೊದಲ ಈ ರವಿವಾರ ಗದಗಿಗೆ. ಮುಂಜಾನಿ ಆರಕ್ಕ ಬಸ್‌ಸ್ಟ್ಯಾಂಡಿಗೆ ಬರ್ರಿ, ಅಕ್ಕಾರಿಗೂ ಕೋಲು ತರ್ತೀವಿ.