ಪದಚರ್ಚೆ: 'ಕರೆಂಟ್ ಇಲ್ಲದ ಪೈಲಟ್' - ಕರೆನ್ಸಿ, ರಿಕರೆಂಟ್ ಟ್ರೇನಿಂಗ್, ಚೆಕ್ ಇವಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ವಿಮಾನ ಹಾರಿಸೋರ ತರಬೇತಿ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದೀನಿ, ಮೂರು ಪದದಲ್ಲಿ ಸಿಕ್ಕಾಕ್ಕೊಂಡು ವಾರ ಆಯ್ತು. ನಿಘಂಟು ನೋಡಿದ್ರೆ ಮೂರಕ್ಕೂ ಕನ್ನಡ ಪದ ಇದೆ, ವಾಕ್ಯದೊಳಗೆ ಕೂರಿಸಿದ್ರೆ ಮೂರೂ ಬೇರೇನೋ ಹೇಳ್ತವೆ.

ಮೊದಲು ಕರೆನ್ಸಿ. ಪೈಲಟ್‌ಗಳು ತಮ್ಮತಮ್ಮಲ್ಲಿ 'ನಾನೀಗ ಕರೆಂಟ್ ಇಲ್ಲ' ಅಂತ ಮಾತಾಡ್ಕೋತಾರೆ. ನಮಗೆ ಕರೆಂಟ್ ಇಲ್ಲ ಅಂದ್ರೆ ಮನೇಲಿ ದೀಪ ಇಲ್ಲ ಅಂತ, ಕರೆನ್ಸಿ ಅಂದ್ರೆ ನೋಟು, ಇಲ್ಲಾಂದ್ರೆ ಮೊಬೈಲ್‌ಗೆ ಹಾಕ್ಸೋದು. ತಮಾಷೆ ಅಂದ್ರೆ ಈ ಮೊಬೈಲ್ ಅರ್ಥಾನೇ ವಿಷಯಕ್ಕೆ ತೀರಾ ಹತ್ರ! ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದ ಪ್ರಕಾರ ಏರ್‌ಲೈನ್ ಪೈಲಟ್ ಹಿಂದಿನ 90 ದಿನದಲ್ಲಿ ಅದೇ ಮಾದರಿ ವಿಮಾನದಲ್ಲಿ, ಇಲ್ಲಾ ಮಾನ್ಯತೆ ಇರೋ ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲೇ ಹಾರಾಟದ ಅನುಭವ ಕೊಡೋ ಯಂತ್ರ), ಕನಿಷ್ಠ 3 ಟೇಕಾಫ್ 3 ಲ್ಯಾಂಡಿಂಗ್ ಮಾಡಿರ್ಬೇಕು. ಮಾಡಿಲ್ಲ ಅಂದ್ರೆ ಲೈಸೆನ್ಸ್ ಹಾಗೇ ಇರತ್ತೆ, ಆ ಮಾದರಿ ಹಾರಿಸೋ ಅರ್ಹತೆಯೂ ಇರತ್ತೆ, ಆದ್ರೆ ಪ್ರಯಾಣಿಕರನ್ನ ಕೂರಿಸ್ಕೊಂಡು ಹೋಗೋ ಹಾಗಿಲ್ಲ. ಸಿಮ್ ಇದೆ, ನಂಬರ್ ಇದೆ, ವ್ಯಾಲಿಡಿಟಿ ಮುಗಿದಿದೆ. 2020ರಲ್ಲಿ ಕೊರೊನಾಗೆ ವಿಮಾನಗಳೆಲ್ಲ ನಿಂತಾಗ ಸಾವಿರಾರು ಜನರ ಕಥೆ ಹೀಗೇ ಆಗಿದ್ದು.

ಇದಕ್ಕೆ ಪದ ಯಾವುದು? ಬ್ಯಾಂಕಿನೋರ 'ಚಾಲ್ತಿ ಖಾತೆ' ನೆನಪಾಗಿ 'ಚಾಲ್ತಿ' ಅಂತ ಹಾಕ್ದೆ. 'ಚಾಲ್ತಿಯಲ್ಲಿರೋ ಲೈಸೆನ್ಸ್' ಅಂದ್ರೆ ಸರಿ ಕೂರತ್ತೆ, 'ಚಾಲ್ತಿಯಲ್ಲಿರೋ ಪೈಲಟ್' ಅಂದ್ರೆ ಸಿನಿಮಾ ನಟನ ಬಗ್ಗೆ ಹೇಳ್ದಂಗಾಗತ್ತೆ. 'ಕೈ ತಪ್ಪಿದೆ' ಅಂದ್ರೆ ಸಿಗಬೇಕಾದ್ದು ಸಿಗದೇ ಹೋಯ್ತು ಅಂತ, ಅದಂತೂ ಆಗಲ್ಲ. 'ರೂಢಿ ತಪ್ಪಿದೆ' ನನಗೆ ಇಷ್ಟ ಆಯ್ತು, ಆಡುಮಾತಲ್ಲಿ ಜೀವಂತವಾಗಿದೆ, ಸಂಗೀತಕ್ಕೂ ಸೈಕಲ್‌ಗೂ ಈಜಿಗೂ ಅನ್ನಬಹುದು. ಆದ್ರೆ ಒಂದು ತೊಡಕು ಉಳಿಯತ್ತೆ. ರೂಢಿ ತಪ್ಪೋದು ಮೈಗೆ ಸೇರಿದ್ದು, ಕರೆನ್ಸಿ ಹೋಗೋದು ಕ್ಯಾಲೆಂಡರಿಗೆ ಸೇರಿದ್ದು. ಇಪ್ಪತ್ತು ವರ್ಷ ಹಾರಿಸಿದೋರಿಗೆ 91ನೇ ದಿನ ಏನೂ ಮರೆತಿರಲ್ಲ, ಆದ್ರೂ ನಿಯಮದ ಕಣ್ಣಲ್ಲಿ ಅವರು ಕರೆಂಟ್ ಅಲ್ಲ. ಹಾಗೇ 89ನೇ ದಿನ ಕೈ ನಡುಗೋರೂ ಕರೆಂಟೇ.

ಈಗ ರಿಕರೆಂಟ್ ಟ್ರೇನಿಂಗ್, ಅಂದ್ರೆ ಕೆಲಸ ಬರೋ ಪೈಲಟ್‌ಗಳಿಗೇ ಗಡುವಿನ ಪ್ರಕಾರ ಮತ್ತೆ ಮತ್ತೆ ಕೊಡೋ ತರಬೇತಿ. ನನ್ನ ಅಸಲಿ ತಕರಾರು ಇರೋದು ಇಲ್ಲಿ. 'ಪುನರಾವರ್ತಿತ ತರಬೇತಿ' ಅಂದ್ರೆ ಟೇಪ್ ರೆಕಾರ್ಡರ್ ಹಿಂದಕ್ಕೆ ತಿರುಗಿಸಿ ಅದನ್ನೇ ಹಾಕ್ದಂಗಿದೆ. 'ಪುನಶ್ಚೇತನ' ಅಂದ್ರೆ ಮೂರ್ಛೆ ಹೋದೋರನ್ನ ಎಬ್ಬಿಸಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು 'ಮರುತರಬೇತಿ', ಯಾಕಂದ್ರೆ ಅದು ಬೇರೆಯದೇ ಒಂದು ವಿಷಯ: ಪರೀಕ್ಷೆಯಲ್ಲಿ ಎಡವಿದ ಪೈಲಟ್ ಅನ್ನ ಹಾರಾಟದಿಂದ ಇಳಿಸಿ, ಎಡವಿದ ಭಾಗ ಮತ್ತೆ ಕಲಿಸಿ, ಮತ್ತೆ ಪರೀಕ್ಷೆ ಮಾಡ್ತಾರಲ್ಲ, ಅದಕ್ಕೆ ಈ ಪದ ಬೇಕು. ರಿಕರೆಂಟ್ ಅನ್ನೋದು ತಪ್ಪು ಮಾಡಿದೋರಿಗೆ ಕೊಡೋದಲ್ಲ, ಎಲ್ಲರಿಗೂ, ಎಲ್ಲಕ್ಕಿಂತ ಹಿರಿಯ ಕ್ಯಾಪ್ಟನ್‌ಗೂ ಸೇರಿಸಿ. 'ಪೈಲಟ್‌ಗಳಿಗೆ ಮರುತರಬೇತಿ' ಅಂತ ತಲೆಬರಹ ಹಾಕಿದ್ರೆ ಓದೋರು ಏನೋ ಅನಾಹುತ ಆಗಿದೆ ಅನ್ಕೋತಾರೆ, ಆಗಿರಲ್ಲ.

ಇನ್ನೊಂದು ಮಾತು, ಈ ತರಬೇತಿಯಲ್ಲಿ ಆವರ್ತನೆ ಆಗೋದು ತರಬೇತಿ, ಘಟನೆ ಅಲ್ಲ. ಉದಾಹರಣೆಗೆ ವಿ-ಒನ್ ಕಟ್ ಅಂತಾರೆ: ರನ್‌ವೇ ಮೇಲೆ ಓಡ್ತಾ ಇನ್ನು ನಿಲ್ಲಿಸೋಕಾಗಲ್ಲ, ಏರಲೇಬೇಕು ಅನ್ನೋ ವೇಗ ಮುಟ್ಟಿದ ಹೊತ್ತಿಗೆ ಸರಿಯಾಗಿ ಒಂದು ಎಂಜಿನ್ ಕೈ ಕೊಡೋದು. ಬಹಳ ಪೈಲಟ್‌ಗಳು ಇಡೀ ವೃತ್ತಿಯಲ್ಲಿ ಇದನ್ನ ನಿಜವಾಗಿ ನೋಡೋದೇ ಇಲ್ಲ. ಸಿಮ್ಯುಲೇಟರ್‌ನಲ್ಲಿ ಮಾತ್ರ ಮತ್ತೆ ಮತ್ತೆ ನೋಡ್ತಾರೆ. ಸ್ಟಾಲ್ ಕೂಡ ಹಾಗೇ (ಎಂಜಿನ್ ನಿಂತುಹೋಗೋದಲ್ಲ, ರೆಕ್ಕೆ ವಿಮಾನಾನ ಎತ್ತಿ ಹಿಡಿಯೋ ಬಲ ಕಳ್ಕೊಳ್ಳೋದು, ಇದಕ್ಕೂ ಕನ್ನಡ ಪದ ಹುಡುಕ್ಬೇಕು, ಅದು ಇನ್ನೊಂದು ಪತ್ರಕ್ಕೆ). 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ರ ಬಿದ್ದ ಕೋಲ್ಗನ್ ಏರ್ ವಿಮಾನ, ಅದೇ ವರ್ಷ ಜೂನ್ 1ಕ್ಕೆ ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತ ಏರ್ ಫ್ರಾನ್ಸ್ 447, ಎರಡರಲ್ಲೂ ಸ್ಟಾಲ್ ಆದಾಗ ಮೂತಿ ಇಳಿಸಬೇಕಿತ್ತು, ಪೈಲಟ್‌ಗಳು ಎತ್ತೋಕೆ ನೋಡಿದ್ರು. ಅದಾದ ಮೇಲೇ ಸ್ಟಾಲ್‌ನಿಂದ ಹೊರಬರೋದನ್ನ ಈ ತರಬೇತಿಯೊಳಗೆ ಒತ್ತಿ ಹೇಳೋಕೆ ಶುರು ಮಾಡಿದ್ದು.

ಹಾಗಾಗಿ ನನ್ನ ಮನಸ್ಸು ಹೋಗ್ತಿರೋದು 'ತಾಲೀಮು' ಕಡೆಗೆ. ತರಬೇತಿ, ತಾಲೀಮು ಎರಡೂ ಅರಬ್ಬಿ ಮೂಲದಿಂದ ಬಂದು ನಮ್ಮಲ್ಲಿ ಸೇರ್ಕೊಂಡವು, ಅಲ್ಲಿ ತಾಲೀಮು ಅಂದ್ರೆ ಕಲಿಸೋದೇ, ಆದ್ರೆ ಕನ್ನಡದಲ್ಲಿ ಕೆಲಸ ಹಂಚ್ಕೊಂಡಿವೆ. ತರಬೇತಿ ಗೊತ್ತಿಲ್ಲದೋರಿಗೆ, ತಾಲೀಮು ಗೊತ್ತಿರೋರಿಗೆ. ನಾಟಕದ ತಾಲೀಮಿಗೆ ಹೋಗೋ ನಟನಿಗೆ ನಟನೆ ಬರಲ್ಲ ಅಂತ ಯಾರೂ ತಿಳ್ಕೊಳಲ್ಲ, ಗರಡಿಗೆ ಹೋಗೋ ಪೈಲ್ವಾನನಿಗೂ ಅಷ್ಟೇ. ಅವಮಾನದ ವಾಸನೆ ಇಲ್ಲದ ಪದ. ಮುಂದೆ 'ವಾಯಿದೆ' ಸೇರಿಸಿ 'ವಾಯಿದೆ ತಾಲೀಮು' ಅಂದ್ರೆ ಗಡುವಿನ ಅರ್ಥಾನೂ ಬರತ್ತೆ. ಸ್ವಲ್ಪ ಹಳೇ ಕಚೇರಿ ಕಾಗದದ ಹಾಗೆ ಕೇಳ್ಸತ್ತೆ, ಗೊತ್ತು.

ಕೊನೇದು ಚೆಕ್, ಅಂದ್ರೆ ಪೈಲಟ್ ಕೆಲಸ ಸರಿಯಾಗಿ ಮಾಡ್ತಾರಾ ಅಂತ ಆಗಾಗ ಪರೀಕ್ಷಕರು ನೋಡೋದು. ಪತ್ರಿಕೆಗಳ ಅಭ್ಯಾಸದಂತೆ 'ತಪಾಸಣೆ' ಅಂದ್ರೆ ಪೈಲಟ್‌ನ ಜೇಬು ತಡಕಿದ ಹಾಗಾಗತ್ತೆ, ಇಲ್ಲಾ ಡಾಕ್ಟ್ರು ನೋಡಿದ ಹಾಗೆ (ಡಾಕ್ಟ್ರು ನೋಡೋದೂ ಬೇರೆ ಇದೆ, 60 ದಾಟಿದ ಏರ್‌ಲೈನ್ ಪೈಲಟ್‌ಗೆ 6 ತಿಂಗಳಿಗೊಮ್ಮೆ). ಸಿಮ್ಯುಲೇಟರ್‌ನಲ್ಲಿ ಆಗೋ ಪ್ರೊಫಿಶಿಯನ್ಸಿ ಚೆಕ್‌ಗೆ 'ಪರಿಣತಿ ಪರೀಕ್ಷೆ' ಹಾಕಿದೀನಿ. ಐಕಾವೊ ಪ್ರಕಾರ ಇದು ವರ್ಷಕ್ಕೆ ಎರಡು ಸಲ, ಮತ್ತೆ ಒಂದೇ ಥರದ ಎರಡು ಪರೀಕ್ಷೆ ನಾಲ್ಕು ತಿಂಗಳೊಳಗೆ ಮುಗಿಸಿ ಕೈ ತೊಳ್ಕೊಂಡ್ರೆ ಲೆಕ್ಕಕ್ಕಿಲ್ಲ. ಆದ್ರೆ ಲೈನ್ ಚೆಕ್ ಅಂತ ಇನ್ನೊಂದಿದೆ, ಜನ ತುಂಬಿದ ಮಾಮೂಲಿ ಹಾರಾಟದಲ್ಲೇ ಪರೀಕ್ಷಕರು ಕಾಕ್‌ಪಿಟ್‌ನಲ್ಲಿ ಕೂತು ನೋಡೋದು. ಎಂಜಿನ್ ಕೆಡಿಸಲ್ಲ, ಬೆಂಕಿ ಹಚ್ಚಲ್ಲ, ಸುಮ್ಮನೆ ದಿನದ ಕೆಲಸ ನೋಡ್ತಾರೆ. 'ಮಾರ್ಗ ತಪಾಸಣೆ' ಅಂದ್ರೆ ಲೈನ್‌ಮನ್ ಕಂಬ ನೋಡ್ಕೊಂಡು ಹೋದ ಹಾಗಿದೆ, ಇಲ್ಲೂ ಮತ್ತೆ ಕರೆಂಟೇ ಬಂತು ನೋಡಿ.

ಸದ್ಯಕ್ಕೆ ಲೈನ್ ಚೆಕ್ ಅಂತಲೇ ಬಿಟ್ಟಿದೀನಿ. ಕರೆನ್ಸಿಗೆ 'ಹಾರಾಟದ ವಾಯಿದೆ' ಅಂತ ಬರೆದು ಹೊಡೆದು ಹಾಕಿದೀನಿ, 'ಪೈಲಟ್‌ನ ವಾಯಿದೆ ಮುಗಿದಿದೆ' ಅಂದ್ರೆ ಆಯಸ್ಸು ಮುಗಿದ ಹಾಗೆ ಕೇಳ್ಸತ್ತೆ ಅಂತ ಮನೇಲಿ ನಕ್ಕರು. ಮೈಗೂ ಸೇರದೆ ಸಾವಿಗೂ ಸೇರದೆ, 90 ದಿನದ ಲೆಕ್ಕ ಮಾತ್ರ ಹೇಳೋ ಪದ ನಿಮ್ಮ ಕಡೆ ಏನಾದ್ರೂ ಬಳಕೆಯಲ್ಲಿದ್ರೆ ತಿಳಿಸಿ. ತೀರಾ ಸಂಸ್ಕೃತದ್ದು ಬೇಡ, ಈಗಾಗ್ಲೇ 'ಸದ್ಯತನ' ಅಂತ ಒಬ್ರು ಸೂಚಿಸಿದಾರೆ, ಅದನ್ನ ನೋಡ್ತಾ ಕೂತಿದೀನಿ, ಏನೂ ತೋಚ್ತಿಲ್ಲ.