ಟ್ರಾಲಿಗೆ ಹಾಕಲು 1 ಯೂರೋ ನಾಣ್ಯ ಕೈಯಲ್ಲಿಲ್ಲದಿದ್ದರೆ ಏನು ಮಾಡುತ್ತೀರಿ?

ಹಾಸನದವಳು, ಸ್ಟುಟ್‌ಗಾರ್ಟ್

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿರುವ ಕನ್ನಡದವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ, ಬೇರೆ ದೇಶದವರೂ ಹೇಳಬಹುದು. ಸೂಪರ್ ಮಾರ್ಕೆಟ್ ಟ್ರಾಲಿಯ ಈ ನಾಣ್ಯದ ಕಾಟಕ್ಕೆ ನೀವೆಲ್ಲ ಏನು ದಾರಿ ಮಾಡಿಕೊಂಡಿದ್ದೀರಿ?

ಇನ್ನೂ ನೋಡದವರಿಗೆ ಹೇಳುತ್ತೇನೆ. ಇಲ್ಲಿ ಟ್ರಾಲಿಗಳನ್ನು ಅಂಗಡಿ ಮುಂದೆ ಒಂದರೊಳಗೊಂದು ತೂರಿಸಿ ಸರಪಳಿ ಹಾಕಿ ನಿಲ್ಲಿಸಿರುತ್ತಾರೆ. ಹಿಡಿಯ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರ ಸೀಳಿಗೆ 1 ಯೂರೋ ಒತ್ತಿದರೆ ಪಕ್ಕದ ಟ್ರಾಲಿಯ ಕೊಂಡಿ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಸಾಮಾನು ತಗೊಂಡಾದ ಮೇಲೆ ವಾಪಸ್ ತಂದು ಸಾಲಿಗೆ ಸೇರಿಸಿ ಕೊಂಡಿ ಚುಚ್ಚಿದರೆ ನಾಣ್ಯ ಹೊರಗೆ ಬರುತ್ತದೆ. ದುಡ್ಡು ಎಲ್ಲೂ ಹೋಗುವುದಿಲ್ಲ, ಅದು ಗೊತ್ತು. ನನ್ನ ತಕರಾರು ಇರುವುದು ಆ ನಾಣ್ಯವನ್ನು ಯಾವಾಗಲೂ ಜೇಬಲ್ಲಿ ಇಟ್ಟುಕೊಂಡೇ ಇರಬೇಕಲ್ಲ, ಅದರ ಬಗ್ಗೆ.

ಒಳಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರ್ಡ್ ತಗೊಳ್ಳುತ್ತಾರೆ. ನಾನು ಬಸ್ಸಿಗೆ, ಬೇಕರಿಗೆ, ಮೆಡಿಕಲ್ ಶಾಪಿಗೆ ಎಲ್ಲದಕ್ಕೂ ಫೋನಿನಲ್ಲೇ ಕೊಡುತ್ತೇನೆ. ಚಿಲ್ಲರೆ ಕೈಗೆ ಬರುವ ದಾರಿಯೇ ಇಲ್ಲ. ಆದರೆ ಅದೇ ಅಂಗಡಿಯ ಬಾಗಿಲಲ್ಲಿ ಟ್ರಾಲಿ ಬೇಕು ಅಂದರೆ ನಾಣ್ಯ ಬೇಕೇ ಬೇಕು.

ಕಳೆದ ಶನಿವಾರ ಸಂಜೆ ಹೀಗಾಯಿತು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ಹಾಗಾಗಿ ಶನಿವಾರ ಸಂಜೆ ಅಂದರೆ ಜಾತ್ರೆ. ಮಗು ಸೊಂಟದ ಮೇಲೆ. ಊರಿಂದ ಬಂದಿರುವ ಅಮ್ಮ ಜೊತೆಯಲ್ಲಿ, ಅವರಿಗೆ ಮಂಡಿ ನೋವು. ಸಣ್ಣ ಮಳೆ ಬೇರೆ. ಪರ್ಸಿನಲ್ಲಿ 10 ಯೂರೋ ನೋಟು ಇತ್ತು, ನಾಣ್ಯ ಇರಲಿಲ್ಲ. ಮಗುವನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋಗಿ ಚಿಲ್ಲರೆ ಕೇಳಿದೆ. ಯಾರಾದರೂ ಬಿಲ್ ಮಾಡಿಸಿದಾಗ ಮಾತ್ರ ಗಲ್ಲಾ ತೆರೆಯುತ್ತದೆ, ನೀವೂ ಸಾಲಲ್ಲಿ ನಿಲ್ಲಿ ಅಂದರು ಕ್ಯಾಷಿಯರ್. ಪಾಪ, ಅವರ ತಪ್ಪೇನೂ ಇಲ್ಲ. ಬೇಡದ ಚ್ಯೂಯಿಂಗ್ ಗಮ್ ಒಂದು ಹಿಡಿದುಕೊಂಡು ಅಷ್ಟು ಉದ್ದದ ಸಾಲಲ್ಲಿ ನಿಂತೆ. ನಾನು ಹೊರಗೆ ಬರುವ ಹೊತ್ತಿಗೆ ಮಗು ಅಳುತ್ತಿತ್ತು, ಅಮ್ಮ ಸೈಕಲ್ ನಿಲ್ಲಿಸುವ ಕಂಬಿಗೆ ಒರಗಿಕೊಂಡಿದ್ದರು. ಈ ಅಂಗಡಿಯಲ್ಲಿ ಕೈ ಬುಟ್ಟಿಯೂ ಇಡುವುದಿಲ್ಲ. ಟ್ರಾಲಿ ಇಲ್ಲದೆ ಮಗುವನ್ನು ಕೂರಿಸುವುದು ಎಲ್ಲಿ, ಹತ್ತು ಕೆಜಿ ಅಕ್ಕಿ ಹೊರುವುದು ಹೇಗೆ?

ಊರಲ್ಲಿ ಡಿ ಮಾರ್ಟ್‌ಗೆ ಹೋದರೆ ಟ್ರಾಲಿ ಸುಮ್ನೆ ಎಳೆದುಕೊಂಡು ಹೋಗುತ್ತೇವೆ. ಪಾರ್ಕಿಂಗಿನಲ್ಲಿ ಬಿಟ್ಟದ್ದನ್ನು ಯಾರೋ ಹುಡುಗ ತಳ್ಳಿಕೊಂಡು ಹೋಗುತ್ತಾನೆ. ಇಲ್ಲಿ ಕೂಲಿ ಜಾಸ್ತಿ, ಅದಕ್ಕೆ ಆಳು ಇಡುವುದಿಲ್ಲ, ಒಪ್ಪುತ್ತೇನೆ. ಆದರೂ ಮಗು ಇರುವವರು, ವಯಸ್ಸಾದವರು, ನಿನ್ನೆ ಮೊನ್ನೆ ಬಂದು ಇಳಿದವರು ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳದ ಹಾಗೆ ಏನಾದರೂ ಮಾಡಬಹುದಲ್ವಾ? ನೀವು ಏನು ಇಟ್ಟುಕೊಂಡಿರುತ್ತೀರಿ ಹೇಳಿ.

ಮಂಡ್ಯ ಟು ಮ್ಯೂನಿಕ್

ಮೇಡಂ, ಚಿಪ್ ಇಟ್ಟುಕೊಳ್ಳಿ. ನಾಣ್ಯದ ಅಳತೆಯ ಪ್ಲಾಸ್ಟಿಕ್ ಅಥವಾ ಲೋಹದ ಬಿಲ್ಲೆ. ಐನ್‌ಕೌಫ್ಸ್‌ವಾಗನ್‌ಚಿಪ್ ಅಂತ ಕೇಳಿದರೆ ಎಲ್ಲರಿಗೂ ಗೊತ್ತು. ಅಪೊಥೆಕೆಯಲ್ಲಿ, ಅಂದರೆ ಮೆಡಿಕಲ್ ಶಾಪಿನಲ್ಲಿ, ಬ್ಯಾಂಕಿನಲ್ಲಿ ತಮ್ಮ ಹೆಸರು ಅಚ್ಚು ಹಾಕಿಸಿ ಪುಕ್ಕಟೆ ಕೊಡುತ್ತಾರೆ. ಚುನಾವಣೆ ಸಮಯದಲ್ಲಿ ಪಕ್ಷದವರೂ ಹಂಚುತ್ತಾರೆ. ಬಹಳ ಅಂಗಡಿಗಳಲ್ಲಿ ಗಲ್ಲಾದ ಹತ್ತಿರ ಕೇಳಿದರೂ ಸಿಗುತ್ತದೆ, ಕೇಳಬೇಕು ಅಷ್ಟೇ. ತೂತು ಇರುವ ಚಿಪ್ ತಗೊಂಡು ಮನೆ ಕೀಲಿಯ ಗೊಂಚಲಿಗೆ ಹಾಕಿಕೊಳ್ಳಿ, ಜೇಬಲ್ಲಿ ಸಡಿಲವಾಗಿ ಇಟ್ಟರೆ ವಾರದೊಳಗೆ ಕಳೆದುಹೋಗುತ್ತದೆ.

ಇನ್ನೊಂದು ಬರುತ್ತದೆ, ಕೀಲಿಯ ಥರ ಉದ್ದ ಬಾಲ ಇರುವುದು. ಅದನ್ನು ಸೀಳಿಗೆ ಹಾಕಿ ಕೊಂಡಿ ಬಿಟ್ಟ ತಕ್ಷಣ ವಾಪಸ್ ಎಳೆದುಕೊಳ್ಳಬಹುದು. ನಾನು ಅದನ್ನೇ ಬಳಸುತ್ತೇನೆ. ಕೆಲವು ಬೀಗಗಳಲ್ಲಿ ನಡೆಯುವುದಿಲ್ಲ, ಆಗ ಚಿಪ್.

ಇನ್ನು ತುರ್ತಿಗೆ ಒಂದು ಉಪಾಯ. ಮನೆಯಿಂದ ನಾಲ್ಕು ಖಾಲಿ ನೀರಿನ ಬಾಟಲಿ ತಗೊಂಡು ಹೋಗಿ. ಒಂದಕ್ಕೆ 25 ಸೆಂಟ್ ಡಿಪಾಸಿಟ್ ಇರುವ ಪ್ಲಾಸ್ಟಿಕ್ ಬಾಟಲಿ ಆಗಿರಬೇಕು. ಅಂಗಡಿಯಲ್ಲಿ ಖಾಲಿ ಬಾಟಲಿ ವಾಪಸ್ ತಗೊಳ್ಳುವ ಮೆಷಿನ್ನಿಗೆ ಹಾಕಿದರೆ ನಾಣ್ಯ ಬರುವುದಿಲ್ಲ, ಚೀಟಿ ಬರುತ್ತದೆ. ಆ ಚೀಟಿ ಗಲ್ಲಾದಲ್ಲಿ ಕೊಟ್ಟರೆ ಏನೂ ಕೊಳ್ಳದಿದ್ದರೂ 1 ಯೂರೋ ಕೊಡುತ್ತಾರೆ. ಸಾಲಲ್ಲಿ ನಿಲ್ಲುವುದು ತಪ್ಪುವುದಿಲ್ಲ, ಆದರೆ ಬೇಡದ್ದನ್ನು ಕೊಳ್ಳುವುದು ತಪ್ಪುತ್ತದೆ.

ಧಾರವಾಡ ಪೇಡೆ

ಅಕ್ಕಾ, ನಾನು ಇಲ್ಲಿ ಓದುತ್ತಾ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಮಿನಿಜಾಬ್, ಅಂದರೆ ಸಣ್ಣ ಪಾರ್ಟ್ ಟೈಮ್ ಕೆಲಸ, ಮಾಡುತ್ತೇನೆ. ಟ್ರಾಲಿ ಜೋಡಿಸುವುದು ನನ್ನ ಕೆಲಸದಲ್ಲೇ ಬರುತ್ತದೆ. ಹಾಗಾಗಿ ಎರಡೂ ಕಡೆಯದು ಹೇಳುತ್ತೇನೆ.

ಒಂದು ಟ್ರಾಲಿಗೆ ನೂರು ಯೂರೋಗಿಂತ ಜಾಸ್ತಿ ಬೆಲೆ. 1 ಯೂರೋ ಇಟ್ಟು ಅದನ್ನು ಕದಿಯುವವರನ್ನು ಯಾವ ಬೀಗವೂ ತಡೆಯುವುದಿಲ್ಲ. ಬೀಗ ಇರುವುದು ಕಳ್ಳರಿಗಲ್ಲ, ಕಾರಿನ ಪಕ್ಕದಲ್ಲೇ ಬಿಟ್ಟು ಹೋಗುವ ನಮ್ಮಂಥವರಿಗೆ. ಗಾಳಿ ಬೀಸಿದರೆ ಖಾಲಿ ಟ್ರಾಲಿ ತಾನೇ ಉರುಳಿಕೊಂಡು ಹೋಗಿ ಯಾರದೋ ಕಾರಿಗೆ ಗೀರು ಹಾಕುತ್ತದೆ, ಅದರ ಜಗಳ ಒಳಗೆ ಬರುತ್ತದೆ. ಸಾಯಂಕಾಲ ನಾನೊಬ್ಬನೇ ಇರುತ್ತೇನೆ. ಶೆಲ್ಫ್ ತುಂಬಬೇಕು, ಬಾಟಲಿ ಮೆಷಿನ್ ಕಟ್ಟಿಕೊಂಡರೆ ಬಿಡಿಸಬೇಕು, ಜನ ಜಾಸ್ತಿಯಾದರೆ ಇನ್ನೊಂದು ಗಲ್ಲಾ ತೆರೆಯಬೇಕು. ಸರಪಳಿ ಇರುವುದರಿಂದ ಟ್ರಾಲಿ ತಾವಾಗಿಯೇ ಸಾಲಿಗೆ ಬಂದು ನಿಲ್ಲುತ್ತವೆ.

ಆದರೆ ಬೀಗ ಕೆಟ್ಟಾಗ ಗ್ರಾಹಕರಿಗಾಗುವ ಹಿಂಸೆಯನ್ನೂ ದಿನಾ ನೋಡುತ್ತೇನೆ. ಸಾಲಿನ ಕೊನೆಯ ಟ್ರಾಲಿಯ ಕೊಂಡಿ ಮುರಿದಿದ್ದರೆ ಅದರ ಮುಂದೆ ಬಂದು ನಿಂತವರಿಗೆ ನಾಣ್ಯ ವಾಪಸ್ ಬರುವುದಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಚಿಪ್ ಒಳಗೇ ಮುರಿದು ಕೂತಿರುತ್ತದೆ. ಚಳಿಗಾಲದಲ್ಲಿ ಗ್ಲೌಸ್ ತೆಗೆದು, ಮರಗಟ್ಟಿದ ಬೆರಳಲ್ಲಿ ಆ ಸೀಳು ಹುಡುಕುತ್ತಾರೆ ವಯಸ್ಸಾದವರು. ನಾಣ್ಯ ಸಿಕ್ಕಿಕೊಂಡರೆ ಒಳಗೆ ಬಂದು ಹೇಳಿ ಅಕ್ಕಾ, ನಾಚಿಕೆ ಬೇಡ. ನಾವು ಬಂದು ತೆಗೆದುಕೊಡುತ್ತೇವೆ ಅಥವಾ ಗಲ್ಲಾದಿಂದ ಕೊಡಿಸುತ್ತೇವೆ. ಬಹಳ ಜನ ಒಂದು ಯೂರೋ ತಾನೇ ಅಂತ ಹಾಗೇ ಹೋಗುತ್ತಾರೆ, ಆಗ ಕೆಟ್ಟ ಬೀಗ ಯಾವುದು ಅಂತ ನಮಗೂ ಗೊತ್ತಾಗುವುದಿಲ್ಲ.

ಲೆಸ್ಟರ್ ಲಿಂಗರಾಜು

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ 1 ಪೌಂಡ್ ನಾಣ್ಯ. 2017ರ ಮಾರ್ಚಿನಲ್ಲಿ ಹನ್ನೆರಡು ಮೂಲೆಯ ಹೊಸ ಪೌಂಡ್ ಬಂತು, ಅದೇ ವರ್ಷ ಅಕ್ಟೋಬರ್ 15ಕ್ಕೆ ಹಳೆ ದುಂಡನೆಯ ಪೌಂಡ್ ಚಲಾವಣೆ ನಿಂತಿತು. ಹಳೆಯದಕ್ಕಿಂತ ಹೊಸದು ತೆಳು, ಸ್ವಲ್ಪ ಅಗಲ. ಒಂದು ನಾಣ್ಯ ಬದಲಾಯಿಸಿದ್ದಕ್ಕೆ ದೇಶದ ತುಂಬಾ ಟ್ರಾಲಿ ಬೀಗಗಳನ್ನೂ ಬದಲಾಯಿಸಬೇಕಾಯಿತು. ಹಳೆಯ ಬೀಗ, ಹೊಸ ನಾಣ್ಯ, ಅದರ ಮುಂದೆ ನಿಂತ ನಾವು. ಆ ತಿಂಗಳುಗಳ ಪರದಾಟ ಇನ್ನೂ ನೆನಪಿದೆ.

ಆದರೂ ನಾನು ಬೀಗದ ಪರ. ಬೀಗ ಇಲ್ಲದ ಅಂಗಡಿಗಳ ಟ್ರಾಲಿ ಕಾಲುವೆಯಲ್ಲಿ, ಬಸ್ ಸ್ಟಾಪಿನಲ್ಲಿ, ಫ್ಲ್ಯಾಟಿನ ಮೆಟ್ಟಿಲ ಕೆಳಗೆ ಬಿದ್ದಿರುತ್ತವೆ. 1990ರ ಪರಿಸರ ಕಾಯ್ದೆಯ ಪ್ರಕಾರ ಇಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅಂಥ ಟ್ರಾಲಿ ಎತ್ತಿಕೊಂಡು ಹೋಗಿ, ಅದರ ಖರ್ಚನ್ನು ಅಂಗಡಿಯಿಂದ ವಸೂಲಿ ಮಾಡಬಹುದು. ಆ ಖರ್ಚು ಕೊನೆಗೆ ಹಾಲು ಬ್ರೆಡ್ಡಿನ ಬೆಲೆಯಲ್ಲಿ ನಮ್ಮ ಮೇಲೇ ಬೀಳುತ್ತದೆ. ಒಂದು ನಾಣ್ಯ ಕಾರಿನಲ್ಲಿ ಇಟ್ಟುಕೊಂಡರೆ ಮುಗಿಯಿತಲ್ಲ?

ಹಾಸನದವಳು, ಸ್ಟುಟ್‌ಗಾರ್ಟ್

ಲಿಂಗರಾಜು ಅವರೇ, ನಮಗೆ ಕಾರಿಲ್ಲ. ಬಸ್ಸಿನಲ್ಲಿ ಹೋಗಿ ಬರುವವರಿಗೆ ನಾಣ್ಯ ಇಡಲು ಕಾರಿನ ಡಬ್ಬಿ ಎಲ್ಲಿಂದ ಬರಬೇಕು? ಬೀಗವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಾಲಿನ ತುದಿಯಲ್ಲಿ ನಾಲ್ಕು ಟ್ರಾಲಿ ಬೀಗ ಇಲ್ಲದೆ ಬಿಡಲಿ. ಇಲ್ಲವೇ ಬಾಗಿಲ ಒಳಗೆ ಒಂದು ಡಬ್ಬಿಯಲ್ಲಿ ಚಿಪ್ ಇಡಲಿ. 2020ರಲ್ಲಿ ಕೊರೊನಾ ಬಂದಾಗ ಒಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸಲು ಎಲ್ಲರೂ ಟ್ರಾಲಿ ಹಿಡಿದೇ ಬರಬೇಕು ಅಂತ ಎಷ್ಟೋ ಅಂಗಡಿಯವರು ಹೇಳಿದ್ದರು, ಆಗ ಸರಪಳಿ ಬಿಚ್ಚಿಟ್ಟ ಕಡೆಯೂ ಇತ್ತು. ಅವರಿಗೆ ಬೇಕಾದಾಗ ಆಯಿತಲ್ವಾ?

ಧಾರವಾಡದ ತಮ್ಮಾ, ನಿನ್ನ ಮಾತು ಕೇಳಿ ಸಮಾಧಾನ ಆಯಿತು. ಮುರಿದ ಕೊಂಡಿಯ ವಿಷಯ ನನಗೆ ಗೊತ್ತಿರಲಿಲ್ಲ.

ಡಲ್ಲಾಸ್‌ನಿಂದ ಡಸೆಲ್‌ಡಾರ್ಫ್

ಅಮೆರಿಕದಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ಈ ಬೀಗ ಇಲ್ಲ, ಆಲ್ಡಿಯಂಥ ಕೆಲವು ಅಂಗಡಿಗಳಲ್ಲಿ ಮಾತ್ರ ಕ್ವಾರ್ಟರ್ ಹಾಕಬೇಕು. 25 ಸೆಂಟಿನ ನಾಣ್ಯ. ಅಲ್ಲಿನ ಒಂದು ರೂಢಿ ನನಗೆ ಬಹಳ ಇಷ್ಟ. ಖಾಲಿ ಟ್ರಾಲಿ ತಳ್ಳಿಕೊಂಡು ಬರುವಾಗ ಎದುರಿಗೆ ಯಾರಾದರೂ ಸಿಕ್ಕರೆ ನೇರ ಅವರ ಕೈಗೇ ಕೊಟ್ಟುಬಿಡುತ್ತಾರೆ, ನಾಣ್ಯ ಕೊಡಲು ಹೋದರೆ ಬೇಡ, ಇರಲಿ, ಮುಂದಿನವರಿಗೆ ಕೊಡಿ ಅನ್ನುತ್ತಾರೆ. ಇಲ್ಲಿಯೂ ನಾನು ಹಾಗೇ ಮಾಡುತ್ತೇನೆ, ಮೊದಲು ಜನ ಗಾಬರಿಯಾಗಿ ನೋಡುತ್ತಾರೆ, ಆಮೇಲೆ ನಗುತ್ತಾರೆ.

ಇನ್ನೊಂದು ವಿಷಯ, ಅಲ್ಲಿಂದ ಇಲ್ಲಿಗೆ ಬರುವವರಿಗೆ ಉಪಯೋಗವಾಗಬಹುದು. ಕ್ವಾರ್ಟರ್ ಅಗಲ 24.26 ಮಿ.ಮೀ., ಇಲ್ಲಿನ 50 ಸೆಂಟ್ 24.25 ಮಿ.ಮೀ. ಅಂದರೆ ಒಂದೇ ಅಳತೆ. 50 ಸೆಂಟ್ ಹಿಡಿಯುವ ಬೀಗ ಆದರೆ ಹಳೇ ಬ್ಯಾಗಿನ ತಳದಲ್ಲಿ ಉಳಿದ ಕ್ವಾರ್ಟರ್ ಕೂರುತ್ತದೆ. ನಮ್ಮ ಹಿತ್ತಾಳೆ ಬಣ್ಣದ ಹಳೆಯ 5 ರೂಪಾಯಿ 23 ಮಿ.ಮೀ., 1 ಯೂರೋ 23.25. ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಅದೂ ನಡೆಯುತ್ತದೆ. 2019ರ ಸರಣಿಯ ಹೊಸ 5 ರೂಪಾಯಿ 25 ಮಿ.ಮೀ., ಅದು ಆ ಸೀಳಿನಲ್ಲಿ ಹೋಗುವುದಿಲ್ಲ. ಬೀಗಕ್ಕೆ ಬೇಕಿರುವುದು ಅಳತೆ, ಅದರ ಮೇಲೆ ಯಾವ ದೇಶದ ಮುದ್ರೆ ಇದೆ ಅಂತ ಅದು ನೋಡುವುದಿಲ್ಲ. ಹೇಗೂ ನಾಣ್ಯ ನಿಮಗೇ ವಾಪಸ್ ಬರುತ್ತದೆ. ಜೋರು ಮಾಡಿ ಮಾತ್ರ ತುರುಕಬೇಡಿ, ಸಿಕ್ಕಿಕೊಂಡರೆ ಧಾರವಾಡದ ತಮ್ಮನಿಗೇ ಕೆಲಸ.

ಮೈಸೂರು ನಿವೃತ್ತ

ನಾನು ಮಗಳ ಮನೆಗೆಂದು ಕೊಲೋನ್‌ಗೆ ಬಂದಿದ್ದೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ನಾಣ್ಯ ನನಗೆ ಹೊಸದಲ್ಲ. ಆದರೂ ಒಬ್ಬನೇ ಹಾಲು ತರಲು ಹೋದ ದಿನ ಆ ಸರಪಳಿ ಮುಂದೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಬೀಗದ ಮೇಲೆ ಒಂದು ಚಿತ್ರ ಇರುತ್ತದೆ, ಅದು ಸವೆದು ಹೋಗಿತ್ತು. ಭಾಷೆ ಬಾರದು, ಯಾರನ್ನು ಕೇಳುವುದು? ಹಿಂದೆ ನಿಂತಿದ್ದ ಹೆಂಗಸೊಬ್ಬರು ತಮ್ಮ ಚಿಪ್ ಹಾಕಿ ಬಿಡಿಸಿಕೊಟ್ಟು, ಅದನ್ನು ನನಗೇ ಬಿಟ್ಟು ಹೋದರು.

ಹಾಸನದ ತಾಯಿ ಹೇಳಿದ್ದು ಸರಿ ಇದೆ ಅಂತ ನನ್ನ ಅಭಿಪ್ರಾಯ. ಗಟ್ಟಿಮುಟ್ಟಾಗಿರುವವರಿಗೆ ಇದು ಒಂದು ನಿಮಿಷದ ಕೆಲಸ. ನನ್ನ ಹೆಂಡತಿಗೆ ಕೀಲುವಾಯು. ಹೆಬ್ಬೆರಳಿನಿಂದ ಆ ನಾಣ್ಯವನ್ನು ಒಳಕ್ಕೆ ಒತ್ತಲು ಅವಳಿಗೆ ಆಗುವುದಿಲ್ಲ. ಚಿಪ್ ಇದ್ದರೂ ಆಗುವುದಿಲ್ಲ. ನಮ್ಮ ವಯಸ್ಸಿನವರಿಗೆ ಟ್ರಾಲಿ ಅಂದರೆ ಸಾಮಾನಿಗೆ ಮಾತ್ರ ಅಲ್ಲ, ಹಿಡಿದುಕೊಂಡು ನಡೆಯುವುದಕ್ಕೂ ಬೇಕು. ನಾಲ್ಕು ಟ್ರಾಲಿ ಬಿಡಿಯಾಗಿ ಇಟ್ಟರೆ ಅಂಗಡಿ ಮುಳುಗುವುದಿಲ್ಲ.

ಲೆಸ್ಟರ್ ಲಿಂಗರಾಜು

ಸರ್, ನೀವು ಹೇಳಿದ ಮೇಲೆ ಒಪ್ಪುತ್ತೇನೆ. ನಾಲ್ಕೈದು ಬಿಡಿ ಟ್ರಾಲಿ ಇಡಬಹುದು. ಉಳಿದವಕ್ಕೆ ಬೀಗ ಇರಲಿ.

ಧಾರವಾಡ ಪೇಡೆ

ಅಕ್ಕಾ, ಸುಮ್ನೆ ಇಲ್ಲಿ ಬರೆದರೆ ಅಂಗಡಿಯವರಿಗೆ ತಿಳಿಯುವುದಿಲ್ಲ. ಕ್ಯಾಷಿಯರ್‌ಗೆ ಹೇಳಿದರೂ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಶಾಖೆಯ ಮ್ಯಾನೇಜರ್, ಫಿಲಿಯಾಲ್‌ಲೈಟರ್ ಅನ್ನುತ್ತಾರೆ, ಅವರನ್ನು ಕೇಳಿ. ಬೆಳಿಗ್ಗೆ ಹೊತ್ತು ಹೋಗಿ, ಶನಿವಾರ ಬೇಡ. ಮಗು ಕೂರಿಸುವ ಟ್ರಾಲಿಗಳಿಗೆ ಮಾತ್ರ ಸರಪಳಿ ತೆಗೆಯಿರಿ ಅಂತ ಕೇಳಿ, ಎಲ್ಲದಕ್ಕೂ ಅಂದರೆ ಆಗಲ್ಲ ಅಂತಾರೆ. ನಮ್ಮ ಅಂಗಡಿಯಲ್ಲಿ ಒಬ್ಬ ಅಜ್ಜಿ ಬಿಡದೆ ಕೇಳಿ ಕೇಳಿ, ಈಗ ಗಲ್ಲಾದ ಪಕ್ಕ ಒಂದು ಬಟ್ಟಲಿನಲ್ಲಿ ಚಿಪ್ ಇಟ್ಟಿದ್ದಾರೆ.

ಹಾಸನದವಳು, ಸ್ಟುಟ್‌ಗಾರ್ಟ್

ಎಲ್ಲರಿಗೂ ಥ್ಯಾಂಕ್ಸ್. ಅಪೊಥೆಕೆಯಲ್ಲಿ ಕೇಳಿದೆ, ಎರಡು ಚಿಪ್ ಕೊಟ್ಟರು. ಒಂದು ನನ್ನ ಕೀಲಿಗೆ, ಒಂದು ಅಮ್ಮನ ಪರ್ಸಿಗೆ. ಬೀಗ ಬಿಡಿಸುವುದು ಹೇಗೆ ಅಂತ ಅಮ್ಮನಿಗೆ ತೋರಿಸಿಕೊಟ್ಟೆ, ಅವರ ಬೆರಳಿಗೆ ಆಗುತ್ತದೆ.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೇನೆ. ಮಗುವಿನ ಸೀಟಿರುವ ಟ್ರಾಲಿಗಳ ಸರಪಳಿ, ಬಾಗಿಲಲ್ಲಿ ಚಿಪ್, ಸವೆದ ಚಿತ್ರದ ಜಾಗಕ್ಕೆ ಹೊಸ ಚಿತ್ರ, ಇವಿಷ್ಟನ್ನೂ ಜರ್ಮನ್‌ನಲ್ಲಿ ಬರೆದುಕೊಂಡು ಹೋಗಬೇಕು ಅಂತಿದೆ. ಯಾರಾದರೂ ಈಗಾಗಲೇ ಇಂಥ ಪತ್ರ ಬರೆದಿದ್ದರೆ ದಯವಿಟ್ಟು ಇಲ್ಲಿ ಹಾಕಿ. ನನ್ನ ಜರ್ಮನ್ ಬಿ1, ಅಂದರೆ ಮಧ್ಯಮ ಮಟ್ಟದ್ದು, ತಿದ್ದಿಕೊಡುವವರು ಬೇಕು.

ಮಂಡ್ಯ ಟು ಮ್ಯೂನಿಕ್

ಬರೆದು ಇಲ್ಲೇ ಹಾಕಿ ಮೇಡಂ, ಸೋಮವಾರ ರಾತ್ರಿಯೊಳಗೆ ತಿದ್ದಿಕೊಡುತ್ತೇನೆ. ನಮ್ಮ ಏರಿಯಾದ ಅಂಗಡಿಗೂ ಅದನ್ನೇ ಕೊಡುತ್ತೇನೆ.