ಮುಟ್ಟಿನ ಚಕ್ರ 35 ದಿನಗಳದ್ದಾದರೆ ಅಂಡ ಬಿಡುಗಡೆ ಯಾವಾಗ?

ಪ್ರಶ್ನೆ:
ಅಂಡವು 14ನೇ ದಿನ ಹೊರಬರುತ್ತದೆ ಎಂದು ಪಿಯುಸಿಯಲ್ಲಿ ಓದಿದ ನೆನಪು. ಎಂಟು ತಿಂಗಳಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದಿದ್ದೇನೆ. ನನ್ನ ಚಕ್ರ 35 ದಿನಗಳದ್ದು. ನನಗೂ 14ನೇ ದಿನವೇ ಅನ್ವಯಿಸುತ್ತದೆಯೇ?

ಉತ್ತರ 1:
ಇಲ್ಲ, ಅದು 28 ದಿನಗಳ ಚಕ್ರಕ್ಕೆ ಹೇಳಿದ ಲೆಕ್ಕ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಹಾರ್ಮೋನಿನ ಪ್ರಭಾವದಿಂದ ಅಂಡಾಶಯದಲ್ಲಿ ಅಂಡವನ್ನು ಹೊತ್ತ ಚೀಲದಂಥ ಕೋಶಿಕೆಯೊಂದು ಬಲಿಯುತ್ತದೆ. ಅದು ಸ್ರವಿಸುವ ಈಸ್ಟ್ರೋಜನ್ನಿನ ಮಟ್ಟ ಸುಮಾರು ಎರಡು ದಿನ ಏರಿಯೇ ಉಳಿದಾಗ ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕಿ, ಆ ಉಕ್ಕು ಆರಂಭವಾದ ಸುಮಾರು 36 ಗಂಟೆಗಳಲ್ಲಿ ಅಂಡವು ಹೊರಬೀಳುತ್ತದೆ. ಹೆಚ್ಚಾಗಿ ಹಿಗ್ಗುವುದೂ ಕುಗ್ಗುವುದೂ ಈ ಮೊದಲ ಹಂತವೇ. ಖಾಲಿಯಾದ ಕೋಶಿಕೆಯು ಕಾರ್ಪಸ್ ಲೂಟಿಯಮ್ ಆಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಹಾರ್ಮೋನನ್ನು ಸ್ರವಿಸುವ ಎರಡನೆಯ ಹಂತವು ಸಾಮಾನ್ಯವಾಗಿ 12ರಿಂದ 14 ದಿನಗಳದ್ದು. ಆದ್ದರಿಂದ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿ: ನಿಮಗದು 21ನೇ ದಿನದ ಆಸುಪಾಸು.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣುಗಳಾದರೋ ಐದು ದಿನಗಳವರೆಗೆ ಬದುಕಿರಬಲ್ಲವು. ಗರ್ಭ ಬೇಡವೆನ್ನುವವರು ಕ್ಯಾಲೆಂಡರನ್ನಷ್ಟೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಕಳೆದ ತಿಂಗಳು 21ನೇ ದಿನ ರಕ್ತ ಕೊಟ್ಟು, ಪ್ರೊಜೆಸ್ಟರಾನ್ ಕಡಿಮೆಯೆಂದು ವರದಿ ಬಂದಾಗ ನಾನು ಅತ್ತದ್ದು ವ್ಯರ್ಥವೇ?

ಉತ್ತರ 1:
ಬಹುಶಃ ಹೌದು. ಪ್ರೊಜೆಸ್ಟರಾನ್ ಏರುವುದು ಅಂಡ ಹೊರಬಿದ್ದ ಮೇಲೆ; ನಿಮಗೆ 21ನೇ ದಿನ ಅದಕ್ಕಿನ್ನೂ ಬೇಗ. ಆ ಪರೀಕ್ಷೆಯನ್ನು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು, ಅಂದರೆ ನೀವು 28ನೇ ದಿನ ಮಾಡಿಸಬೇಕಿತ್ತು. ಕ್ಯಾಲೆಂಡರನ್ನೇ ವೈದ್ಯರಿಗೆ ತೋರಿಸಿ, ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳಿ.